ಹಳೆಯ ದ್ರಾಕ್ಷಿ ತೋಟದಲ್ಲಿ ಹೊಸ ಬಳ್ಳಿ ಏಳದಿದ್ದರೆ: ಮಣ್ಣಿನಲ್ಲಿ ಕೂಡಿದ ತಾಮ್ರವನ್ನು ಪತ್ತೆ ಮಾಡುವ ಬಗೆ

ಚಿಕ್ಕಬಳ್ಳಾಪುರ ಜಿಲ್ಲೆಯ ದ್ರಾಕ್ಷಿ ಚಪ್ಪರಗಳಲ್ಲಿ ಎಷ್ಟೋ ಇಪ್ಪತ್ತು, ಮೂವತ್ತು ವರ್ಷ ದಾಟಿವೆ. ಒಣಗಿದ ಬಳ್ಳಿಯನ್ನು ಕಿತ್ತು ಅದೇ ಜಾಗಕ್ಕೆ ಸಸಿ ಕೂರಿಸುವುದು ಎಲ್ಲರೂ ಮಾಡುವ ಕೆಲಸ. ಪಕ್ಕದ ಹಳೆಯ ಬಳ್ಳಿ ಹಸಿರಾಗಿ ಗೊನೆ ಬಿಡುತ್ತಿರುತ್ತದೆ, ಹೊಸ ಸಸಿ ಮಾತ್ರ ಮೊಣಕಾಲೆತ್ತರಕ್ಕೆ ಬಂದು ನಿಂತುಬಿಡುತ್ತದೆ. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ನರ್ಸರಿಯವರನ್ನು ದೂರುತ್ತೇವೆ, ನೀರು ಹೆಚ್ಚಿಸುತ್ತೇವೆ, ಕೊನೆಗೆ ಲಘು ಪೋಷಕಾಂಶದ ಮಿಶ್ರಣ ತಂದು ಬುಡಕ್ಕೆ ಸುರಿಯುತ್ತೇವೆ. ಆ ಮಿಶ್ರಣಗಳಲ್ಲಿ ಹಲವುಗಳಲ್ಲಿ ತಾಮ್ರವೂ ಇರುತ್ತದೆ. ಕಾಯಿಲೆ ತಾಮ್ರದ್ದೇ ಆಗಿದ್ದರೆ ಮದ್ದಿನ ಹೆಸರಿನಲ್ಲಿ ಅದನ್ನೇ ಮತ್ತೆ ಕೊಟ್ಟಂತಾಗುತ್ತದೆ. ಆದ್ದರಿಂದ ಏನನ್ನಾದರೂ ಸುರಿಯುವ ಮೊದಲು ದೋಷ ಎಲ್ಲಿದೆ ಎಂದು ಹುಡುಕಬೇಕು. ಅದಕ್ಕೊಂದು ಕ್ರಮ ಇಲ್ಲಿದೆ.

ತಾಮ್ರ ಬಂದದ್ದು ಎಲ್ಲಿಂದ

ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ದ್ರಾಕ್ಷಿಯ ಡೌನಿ (ಬೂಜು) ರೋಗಕ್ಕೆಂದು ಪ್ರಕಟಿಸಿದರು. ಇಂದಿಗೂ ಅದು ನಂಬಿಕಸ್ಥ ಔಷಧಿ. ನಮ್ಮ ಬೆಂಗಳೂರು ಬ್ಲೂ ತಳಿ ಚಿಬ್ಬು ರೋಗವನ್ನು ತಡೆದುಕೊಂಡರೂ ಡೌನಿಗೆ ಬಲಿಯಾಗುತ್ತದೆ. ದಿಲ್‌ಖುಷ್, ಥಾಮ್ಸನ್ ತರಹದ ತಳಿಗಳಂತೂ ಇನ್ನೂ ಸೂಕ್ಷ್ಮ. ವರ್ಷಕ್ಕೆ ಎರಡು ಸಲ ಸವರುವ ತೋಟದಲ್ಲಿ ಸಿಂಪಡಣೆಯ ಹಂಗಾಮೂ ಎರಡು.

ಎಲೆಯ ಮೇಲೆ ಬಿದ್ದ ತಾಮ್ರ ಮಳೆಗೆ ತೊಳೆದು ನೆಲಕ್ಕಿಳಿಯುತ್ತದೆ, ಉದುರಿದ ಎಲೆಯ ಜೊತೆಗೂ ಬರುತ್ತದೆ. ನೈಟ್ರೇಟಿನ ಹಾಗೆ ಅದು ನೀರಿನೊಂದಿಗೆ ಕೆಳಗೆ ಹೋಗಿಬಿಡುವುದಿಲ್ಲ. ಜೇಡಿ ಕಣಗಳಿಗೆ, ಸಾವಯವ ಅಂಶಕ್ಕೆ, ಕೆಂಪು ಮಣ್ಣಿನ ಕಬ್ಬಿಣದ ಆಕ್ಸೈಡುಗಳಿಗೆ ಅಂಟಿಕೊಂಡು ಮೇಲಿನ ಅರ್ಧ ಅಡಿಯಲ್ಲೇ ಕೂಡುತ್ತಾ ಹೋಗುತ್ತದೆ. ಕೀಟನಾಶಕದಂತೆ ಕೊಳೆತು ಇಲ್ಲವಾಗುವುದೂ ಇಲ್ಲ, ಏಕೆಂದರೆ ಅದು ಲೋಹ.

ಹಳೆಯ ಬಳ್ಳಿ ಚೆನ್ನಾಗಿದ್ದು ಹೊಸದು ಸೊರಗುವುದು ಇದೇ ಕಾರಣಕ್ಕೆ. ಹಳೆಯದರ ಬೇರು ಆಳಕ್ಕೆ ಇಳಿದಿದೆ. ಹೊಸ ಸಸಿಯ ಎಳೆಬೇರು ಓಡಾಡುವುದು ತಾಮ್ರ ಕೂತಿರುವ ಪದರದಲ್ಲಿ.

ಮೊದಲು ಸಸಿ ಅಗೆದು ನೋಡಿ

ಎಲೆ ನೋಡಿ ತಾಮ್ರದ ವಿಷವನ್ನು ಹೇಳಲಾಗದು. ಚಿಗುರು ಹಳದಿಯಾಗಿದ್ದರೆ ಅದು ಕಬ್ಬಿಣದ ಕೊರತೆಯ ಗುರುತು, ಆ ಕೊರತೆ ತರಲು ತಾಮ್ರವೂ ಸೇರಿ ಹತ್ತು ಕಾರಣಗಳಿವೆ. ಎಲೆತೊಟ್ಟಿನ ಪರೀಕ್ಷೆಯೂ ಇಲ್ಲಿ ದಾರಿ ತಪ್ಪಿಸುತ್ತದೆ. ಹೆಚ್ಚಾದ ತಾಮ್ರವನ್ನು ಗಿಡ ಬೇರಿನಲ್ಲೇ ತಡೆದಿಟ್ಟುಕೊಳ್ಳುವುದರಿಂದ ತೊಟ್ಟಿನಲ್ಲಿ ಅಂಕಿ ಏರದೇ ಇರಬಹುದು. ಸಿಂಪಡಿಸಿದ ಔಷಧಿ ಮೇಲ್ಮೈಯಲ್ಲಿ ಉಳಿದಿದ್ದರೆ ವಿಪರೀತ ಏರಿ ಕಾಣಲೂಬಹುದು.

ಬೇರೇ ಇಲ್ಲಿ ಸಾಕ್ಷಿ. ಸೊರಗಿದ ಒಂದು ಸಸಿಯನ್ನು ಬಲಿ ಕೊಡಲು ಮನಸ್ಸು ಮಾಡಿ. ಸುತ್ತ ಒಂದಡಿ ಬಿಟ್ಟು ಗುದ್ದಲಿಯಿಂದ ಅಗೆದು, ಮಣ್ಣಿನ ಹೆಂಟೆಯ ಸಮೇತ ಎತ್ತಿ ನೀರು ತುಂಬಿದ ಬಕೆಟ್ಟಿನಲ್ಲಿ ಇಳಿಬಿಡಿ. ಜಗ್ಗಬೇಡಿ, ಮಣ್ಣು ತಾನಾಗಿ ಕರಗಿ ಬೀಳಲಿ. ತಾಮ್ರ ತಾಕಿದ ಬೇರು ಮೊಂಡಾಗಿರುತ್ತದೆ. ತುದಿ ದಪ್ಪಗಾಗಿ ಕಂದುಬಣ್ಣಕ್ಕೆ ತಿರುಗಿರುತ್ತದೆ. ಬಿಳಿಯ ನವಿರು ಪಕ್ಕಬೇರುಗಳು ಇರುವುದೇ ಇಲ್ಲ, ಇದ್ದರೂ ಮುಳ್ಳುತಂತಿಯ ಮುಳ್ಳಿನಷ್ಟೇ ಉದ್ದ. ಗಮನಿಸಬೇಕಾದ ಇನ್ನೊಂದು ಅಂಶ, ಮೇಲಿನ ಅರ್ಧ ಅಡಿಯ ಬೇರು ಹೀಗಿದ್ದು ಅದಕ್ಕಿಂತ ಕೆಳಗೆ ಇಳಿದ ಬೇರು ಆರೋಗ್ಯವಾಗಿದೆಯೇ ಎಂಬುದು. ಹಾಗಿದ್ದರೆ ತಾಮ್ರದ ಅನುಮಾನ ಬಲವಾಗುತ್ತದೆ.

ಬೇರಿನ ಮೇಲೆ ಗಂಟುಗಂಟು ಕಂಡರೆ ಅದು ಬೇರುಗಂಟು ಜಂತುಹುಳುವಿನ ಕೆಲಸ. ಟೊಮೆಟೊ ಬೆಳೆದ ಹೊಲವನ್ನು ತೋಟ ಮಾಡಿದ್ದರೆ ಅದನ್ನು ಮೊದಲೇ ನಿರೀಕ್ಷಿಸಬೇಕು. ಬೇರು ಕಪ್ಪಾಗಿ ಕೊಳೆತು ಕೆಟ್ಟ ವಾಸನೆ ಬಂದರೆ ನೀರು ನಿಂತಿದೆ. ಬೇರು ಒಂದು ಆಳಕ್ಕೆ ಬಂದು ಅಡ್ಡಡ್ಡಲಾಗಿ ತಿರುಗಿದ್ದರೆ ಕೆಳಗೆ ಗಟ್ಟಿ ಪದರವಿದೆ.

ತಾಮ್ರದಂತೆಯೇ ಕಾಣುವ ಬೇರೆ ತೊಂದರೆಗಳು

ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಜಿಲ್ಲೆಗಳಲ್ಲಿ ಚಿಗುರು ಹಳದಿಯಾಗಲು ನಾನು ಮೊದಲು ಅನುಮಾನಿಸುವುದು ಕೊಳವೆಬಾವಿಯ ನೀರನ್ನೇ. ಸಾವಿರ ಅಡಿ ದಾಟಿದ ಬಾವಿಗಳ ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚಿದ್ದರೆ ಡ್ರಿಪ್ ಹನಿ ಬೀಳುವಲ್ಲಿ ಮಣ್ಣಿನ ರಸಸಾರ (ಪಿಎಚ್) ಏರಿ, ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಡ್ರಿಪ್ ಕೊಳವೆಯ ತೂತಿನ ಬಳಿ ಬಿಳಿ ಗಸಿ ಕಟ್ಟಿದ್ದರೆ ಇದು ಅಲ್ಲೇ ಕಾಣಿಸುತ್ತದೆ. ಆದರೆ ಹಾಗಾದಾಗ ಹಳೆಯ ಬಳ್ಳಿಯೂ ಹೊಸ ಬಳ್ಳಿಯೂ ಹಳದಿಯಾಗುತ್ತವೆ, ಬೇರಿನ ತುದಿ ಮೊಂಡಾಗುವುದಿಲ್ಲ. ತಾಮ್ರದ ತೊಂದರೆ ಜೋರಾಗುವುದು ಹುಳಿ ಮಣ್ಣಿನಲ್ಲಿ. ಆದ್ದರಿಂದ ರಸಸಾರದ ಅಂಕಿಯೊಂದೇ ಎರಡನ್ನೂ ಬಹುಮಟ್ಟಿಗೆ ಬೇರ್ಪಡಿಸುತ್ತದೆ. 7.5ಕ್ಕಿಂತ ಮೇಲಿದ್ದರೆ ನೀರಿನ ಕಡೆ ನೋಡಿ, 6ಕ್ಕಿಂತ ಕೆಳಗಿದ್ದರೆ ತಾಮ್ರದ ಕಡೆ.

ವರ್ಷವರ್ಷವೂ ಡಿಎಪಿ ಮತ್ತು ಕೋಳಿ ಗೊಬ್ಬರ ಸುರಿದ ತೋಟದಲ್ಲಿ ರಂಜಕ ಅತಿಯಾಗಿ ಸತುವು, ಕಬ್ಬಿಣ ಎರಡೂ ಸಿಗದಂತಾಗುತ್ತವೆ. ಕೋಳಿ ಗೊಬ್ಬರದ ಬಗ್ಗೆ ಇನ್ನೊಂದು ಮಾತು: ಕೋಳಿ ಆಹಾರಕ್ಕೆ ತಾಮ್ರ, ಸತುವಿನ ಲವಣ ಸೇರಿಸುವುದರಿಂದ ಅವು ಗೊಬ್ಬರದಲ್ಲೂ ಬರುತ್ತವೆ. ಎಲೆಯ ಅಂಚು ಸುಟ್ಟಂತೆ ಒಣಗಿದರೆ ಉಪ್ಪು. ಎಲೆ ಬೀಸಣಿಗೆಯಂತೆ ಮುದುಡಿದ್ದರೆ ಅಕ್ಕಪಕ್ಕದ ಹೊಲದಿಂದ ಹಾರಿಬಂದ 2,4-ಡಿ ಕಳೆನಾಶಕ.

ಸಿಂಪಡಣೆಯ ಲೆಕ್ಕ ತೆಗೆಯಿರಿ

ಮಣ್ಣು ಪರೀಕ್ಷೆಗೆ ದುಡ್ಡು ಕೊಡುವ ಮೊದಲು ಕಾಗದ, ಪೆನ್ನು ಹಿಡಿಯಿರಿ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಶೇ. 1ರ ಬೋರ್ಡೋಗೆ 100 ಲೀಟರಿಗೆ 1 ಕಿಲೋ ಮೈಲುತುತ್ತ ಬೇಕು. ಎಕರೆಗೆ 400 ಲೀಟರ್ ಹೊಡೆದರೆ 4 ಕಿಲೋ ಮೈಲುತುತ್ತ, ಅಂದರೆ 1 ಕಿಲೋ ತಾಮ್ರ. ಕಾಪರ್ ಆಕ್ಸಿಕ್ಲೋರೈಡ್ ಎಂಬ ಇನ್ನೊಂದು ತಾಮ್ರದ ಔಷಧಿಯ ಪುಡಿಯಲ್ಲಿ ಅರ್ಧದಷ್ಟು ತಾಮ್ರ. ಲೀಟರಿಗೆ 3 ಗ್ರಾಂನಂತೆ 400 ಲೀಟರಿಗೆ 1.2 ಕಿಲೋ ಪುಡಿ ಹೋದರೆ 600 ಗ್ರಾಂ ತಾಮ್ರ ತೋಟಕ್ಕೆ ಬಿತ್ತು.

ವರ್ಷಕ್ಕೆ ಎರಡು ಬೋರ್ಡೋ, ಮೂರು ಆಕ್ಸಿಕ್ಲೋರೈಡ್ ಎಂದಿಟ್ಟುಕೊಳ್ಳಿ. ಎಕರೆಗೆ 3.8 ಕಿಲೋ ತಾಮ್ರವಾಯಿತು. 25 ವರ್ಷಕ್ಕೆ 95 ಕಿಲೋ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ಹಾಗಾಗಿ ಪ್ರತಿ ಕಿಲೋ ಮಣ್ಣಿಗೆ ನೂರು ಮಿಲಿಗ್ರಾಂಗಿಂತ ತುಸು ಹೆಚ್ಚು ತಾಮ್ರ ಸೇರಿದೆ ಎಂದಾಯಿತು. ಕೊಚ್ಚಿಹೋದದ್ದು, ಹಣ್ಣಿನ ಜೊತೆ ಆಚೆ ಹೋದದ್ದು ಸ್ವಲ್ಪ ಇರುತ್ತದೆ, ಆದ್ದರಿಂದ ಇದನ್ನು ಗರಿಷ್ಠ ಅಂದಾಜು ಎಂದು ತಿಳಿಯಿರಿ. ಹೋಲಿಕೆಗೆ ಹೇಳುವುದಾದರೆ, ಯುರೋಪಿಯನ್ ಒಕ್ಕೂಟ 2019ರಿಂದ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರದ ಮಿತಿ ಹಾಕಿದೆ. ವರ್ಷದ ಸರಾಸರಿ ಎಕರೆಗೆ 1.6 ಕಿಲೋ ಅಷ್ಟೆ. ಮೇಲಿನ ಲೆಕ್ಕದ ತೋಟ ಅದರ ಎರಡು ಪಟ್ಟು ದಾಟಿದೆ.

ಮಣ್ಣು ಆರೋಗ್ಯ ಚೀಟಿಯನ್ನು ಓದುವ ಬಗೆ

ಈ ಬರಹದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ‘ಚೀಟಿಯಲ್ಲಿ ತಾಮ್ರ ಸಾಕಷ್ಟಿದೆ ಎಂದು ಬರೆದಿದ್ದಾರಲ್ಲ ಅಣ್ಣ, ಮತ್ತೆ ಚಿಂತೆ ಯಾಕೆ?’ ಎಂದು ಬೆಳೆಗಾರರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿಯನ್ನು ರೂಪಿಸಿರುವುದು ಕೊರತೆಯನ್ನು ಹಿಡಿಯಲು. ಗಿಡಕ್ಕೆ ಸಿಗುವ ಲೋಹವನ್ನು ಅಳೆಯಲು ಪ್ರಯೋಗಾಲಯ ಬಳಸುವ ಡಿಟಿಪಿಎ ದ್ರಾವಣದಲ್ಲಿ ಕರಗಿ ಬರುವ ತಾಮ್ರ 0.2 ಪಿಪಿಎಂ (ಕಿಲೋ ಮಣ್ಣಿಗೆ 0.2 ಮಿಲಿಗ್ರಾಂ)ಗಿಂತ ಕಡಿಮೆ ಇದ್ದರೆ ಕೊರತೆ, ಹೆಚ್ಚಿದ್ದರೆ ಸಾಕಷ್ಟು. ಅದರಾಚೆಗೆ ಗೆರೆಯಿಲ್ಲ. 0.4 ಬಂದ ಹೊಲಕ್ಕೂ ‘ಸಾಕಷ್ಟು’, 20 ಬಂದ ತೋಟಕ್ಕೂ ‘ಸಾಕಷ್ಟು’. ಎರಡನೆಯದು ಮೊದಲನೆಯದರ ಐವತ್ತು ಪಟ್ಟು ಎಂಬುದನ್ನು ಆ ಪದ ಹೇಳುವುದಿಲ್ಲ.

ಆದ್ದರಿಂದ ಪದವನ್ನು ಬಿಡಿ, ಅಂಕಿಯನ್ನು ಓದಿ. ಅದನ್ನು ಹೋಲಿಸಬೇಕಾದದ್ದು ನಿಮ್ಮದೇ ಬದುವಿನ ಮಣ್ಣಿನೊಂದಿಗೆ. ಎಂದೂ ಔಷಧಿ ಬೀಳದ ಹೊಂಗೆಮರದ ಬುಡ, ಬೀಳು ಬಿಟ್ಟ ಮೂಲೆ, ಯಾವುದಾದರೂ ಸರಿ. ಮಣ್ಣಿನ ಬಣ್ಣ, ಮರಳಿನ ಪ್ರಮಾಣ ತೋಟದಂತೆಯೇ ಇರಬೇಕು. ಈ ಹೋಲಿಕೆ ಕೋಲಾರದಲ್ಲಿ ಇನ್ನೂ ಮುಖ್ಯ. ಗ್ರಾನೈಟ್, ನೈಸ್ ಬಂಡೆಯಿಂದಾದ ಮಣ್ಣಿನಲ್ಲಿ ಹುಟ್ಟಾ ತಾಮ್ರ ಕಡಿಮೆ. ಚಿನ್ನದ ಗಣಿಗಳಿದ್ದ ಶಿಸ್ಟ್ (ಪದರುಕಲ್ಲು) ಪಟ್ಟಿಯ ಕಪ್ಪು ಬಂಡೆಯ ಮಣ್ಣಿನಲ್ಲಿ ಸಹಜವಾಗಿಯೇ ಹೆಚ್ಚು. ಬದುವಿನ ಅಂಕಿ ಇಲ್ಲದೆ ತೋಟದ ಅಂಕಿಗೆ ಅರ್ಥ ಬರುವುದಿಲ್ಲ.

ತೋಟದ ಡಿಟಿಪಿಎ ತಾಮ್ರ ಬದುವಿನದಕ್ಕಿಂತ ಹಲವು ಪಟ್ಟು ಹೆಚ್ಚಿದ್ದರೆ ಮುಂದಿನ ಹಂತ ಒಟ್ಟು ತಾಮ್ರದ ಪರೀಕ್ಷೆ, ಅಂದರೆ ಮಣ್ಣನ್ನು ಆಮ್ಲದಲ್ಲಿ ಕುದಿಸಿ ಅಳೆಯುವುದು. ತಾಲ್ಲೂಕಿನ ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಇದು ಸೇರಿರುವುದಿಲ್ಲ. ಕೋಲಾರದವರು ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಚಿಂತಾಮಣಿ ಕಡೆಯವರು ಕುರುಬೂರಿನಲ್ಲಿ, ತುಮಕೂರಿನವರು ಹಿರೇಹಳ್ಳಿಯಲ್ಲಿ ವಿಚಾರಿಸಿ, ಯಾವ ಪ್ರಯೋಗಾಲಯಕ್ಕೆ ಕಳಿಸಬೇಕೆಂದು ಕೇಳಿಕೊಳ್ಳಿ.

ಒಟ್ಟು ತಾಮ್ರಕ್ಕೆ ಭಾರತದಲ್ಲಿ ಉಲ್ಲೇಖಿಸುವ ಮಿತಿ ಕಿಲೋ ಮಣ್ಣಿಗೆ 135ರಿಂದ 270 ಮಿಲಿಗ್ರಾಂ. ಚರಂಡಿ ಕೆಸರು ಹಾಕುವ ಹೊಲಗಳಿಗೆ ಯುರೋಪಿನ ನಿರ್ದೇಶನ 50ರಿಂದ 140 ಎನ್ನುತ್ತದೆ. ಯುರೋಪಿನ ದ್ರಾಕ್ಷಿ ತೋಟಗಳ ಸರಾಸರಿ ಸುಮಾರು 49, ಅಲ್ಲಿನ ಎಲ್ಲ ಮಣ್ಣುಗಳ ಸರಾಸರಿ ಸುಮಾರು 17. ನಮ್ಮ ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಸಾವಯವ ಇಂಗಾಲ ಅರ್ಧ ಶೇಕಡವೂ ಇರದ ಕಡೆ ತಾಮ್ರವನ್ನು ಹಿಡಿದಿಡುವ ಶಕ್ತಿ ಕಡಿಮೆ. ಹಾಗಾಗಿ ಇಲ್ಲಿ ಆ ಮಿತಿಗಳಲ್ಲಿ ಕಡಿಮೆ ಇರುವ ಅಂಕಿಗಳನ್ನೇ ಎಚ್ಚರಿಕೆಯ ಗೆರೆ ಎಂದು ಹಿಡಿಯುವುದು ಕ್ಷೇಮ ಎಂಬುದು ನನ್ನ ನಿಲುವು.

ಮಾದರಿ ತೆಗೆಯುವಾಗ

0–15, 15–30 ಮತ್ತು 30–60 ಸೆಂಟಿಮೀಟರ್ ಆಳದ ಮಣ್ಣನ್ನು ಬೇರೆಬೇರೆ ಚೀಲಕ್ಕೆ ಹಾಕಿ. ಎಲ್ಲವನ್ನೂ ಕಲಸಿಬಿಟ್ಟರೆ ಮೇಲಿನ ಪದರದ ತಾಮ್ರ ತೆಳುವಾಗಿ ಕಾಣುತ್ತದೆ. ಮೇಲೆ ಹೆಚ್ಚು, ಕೆಳಗೆ ಥಟ್ಟನೆ ಕಡಿಮೆ ಬಂದರೆ ಅದು ಸಿಂಪಡಣೆಯ ಗುರುತು. ಮೂರೂ ಆಳದಲ್ಲಿ ಒಂದೇ ಸಮ ಬಂದರೆ ಬಂಡೆಯಿಂದ ಬಂದದ್ದು. ಸತುವು ಲೇಪಿಸಿದ ಸಲಕರಣೆ, ಹಿತ್ತಾಳೆ ಪಾತ್ರೆ ಬೇಡ. ಮರದ ಕೋಲು, ಸ್ಟೀಲ್ ಸನಿಕೆ, ಪ್ಲಾಸ್ಟಿಕ್ ಬಕೆಟ್ ಸಾಕು.

ಔಷಧಿ ಕಲಸುವ ಡ್ರಮ್ ಇಟ್ಟ ಜಾಗದ ಮಣ್ಣನ್ನು ಈ ಮಾದರಿಗೆ ಸೇರಿಸಲೇಬೇಡಿ. ನೀರಿನ ತೊಟ್ಟಿಯ ಪಕ್ಕ, ಮೋಟಾರು ಮನೆಯ ಗೋಡೆಗೆ ಆತುಕೊಂಡು ಇರುವ ಆ ನಾಲ್ಕಡಿ ನೆಲವನ್ನು ಹತ್ತಿರದಿಂದ ನೋಡಿ. ಗೋಡೆಯ ಬುಡದಲ್ಲಿ ತಿಳಿ ನೀಲಿ ಕಲೆ, ಒಣಗಿದ ಸುಣ್ಣದ ಪೊರೆ, ಮಳೆಗಾಲದಲ್ಲೂ ಗರಿಕೆ ಹಬ್ಬದ ಬೋಳು ನೆಲ. ವರ್ಷಗಟ್ಟಲೆ ಉಳಿದ ದ್ರಾವಣ ಚೆಲ್ಲಿದ್ದು, ಪಂಪು ತೊಳೆದದ್ದು ಎಲ್ಲ ಅಲ್ಲೇ. ಆ ಮಣ್ಣನ್ನು ಬೇರೆ ಚೀಲದಲ್ಲಿ ಪರೀಕ್ಷಿಸಿ, ಅಲ್ಲಿಂದ ಬಾವಿಯ ಕಡೆಗೋ ಕಾಲುವೆಯ ಕಡೆಗೋ ನೀರು ಹರಿಯುತ್ತಿದೆಯೇ ನೋಡಿ.

ಒಳ್ಳೆಯ ಮಳೆ ಬಿದ್ದ ಮೂರ್ನಾಲ್ಕು ದಿನಕ್ಕೆ ಎರೆಹುಳುವನ್ನೂ ಎಣಿಸಬಹುದು. ಚಪ್ಪರದ ಕೆಳಗೆ ಒಂದು ಗುಂಡಿ, ಬದುವಿನಲ್ಲಿ ಅಷ್ಟೇ ಗಾತ್ರದ ಇನ್ನೊಂದು. ತಾಮ್ರಕ್ಕೆ ಎರೆಹುಳು ಬಹಳ ಬೇಗ ಸೋಲುತ್ತದೆ. ಇಂಗ್ಲೆಂಡಿನ ಹಳೆಯ ಸೇಬು ತೋಟಗಳಲ್ಲಿ ತಾಮ್ರದ ಸಿಂಪಡಣೆಯಿಂದ ಎರೆಹುಳು ಇಲ್ಲವಾಗಿ, ಉದುರಿದ ಎಲೆ ಕೊಳೆಯದೆ ಚಾಪೆಯಂತೆ ಕೂತದ್ದು ದಾಖಲಾಗಿದೆ. ನಿಮ್ಮ ಚಪ್ಪರದ ಕೆಳಗೂ ಹೋದ ವರ್ಷದ ಎಲೆ ಹಾಗೆಯೇ ಬಿದ್ದಿದ್ದರೆ ಅದನ್ನು ಲಕ್ಷಣಗಳ ಪಟ್ಟಿಗೆ ಸೇರಿಸಿ.

ಕುಂಡದ ಪರೀಕ್ಷೆ

ಪ್ರಯೋಗಾಲಯದ ಅಂಕಿ ಮಣ್ಣಿನಲ್ಲಿ ತಾಮ್ರ ಎಷ್ಟಿದೆ ಎನ್ನುತ್ತದೆ, ಗಿಡಕ್ಕೆ ಅದು ತಾಕುತ್ತಿದೆಯೇ ಎನ್ನುವುದನ್ನು ಗಿಡವೇ ಹೇಳಬೇಕು. ನಾಲ್ಕು ಕುಂಡ ತೆಗೆದುಕೊಳ್ಳಿ. ಒಂದಕ್ಕೆ ತೋಟದ ಮೇಲ್ಮಣ್ಣು, ಎರಡನೆಯದಕ್ಕೆ ಬದುವಿನ ಮಣ್ಣು. ಮೂರನೆಯದಕ್ಕೆ ತೋಟದ ಮಣ್ಣಿನ ಜೊತೆ ಹತ್ತರಲ್ಲೊಂದು ಪಾಲು ಚೆನ್ನಾಗಿ ಕಳಿತ ಕಾಂಪೋಸ್ಟ್ ಮತ್ತು, ಮಣ್ಣು ಹುಳಿಯಾಗಿದ್ದರೆ ಮಾತ್ರ, ಐದು ಕಿಲೋಗೆ ಐದಾರು ಗ್ರಾಂ ಕೃಷಿ ಸುಣ್ಣ. ನಾಲ್ಕನೆಯದಕ್ಕೆ ತೋಟದ ಮಣ್ಣನ್ನೇ ಒದ್ದೆ ಮಾಡಿ ದೊಡ್ಡ ಪಾತ್ರೆಯಲ್ಲಿ ಅರ್ಧ ಗಂಟೆ ಹಬೆಯಲ್ಲಿ ಬೇಯಿಸಿ, ಆರಿಸಿ, ಒಂದು ವಾರ ಬಿಟ್ಟು ತುಂಬಿ. ಎಲ್ಲದಕ್ಕೂ ಬೀನ್ಸ್ ಬೀಜ ಹಾಕಿ ಒಂದೇ ನೀರು ಕೊಡಿ. ಸುಮಾರು ಮೂರು ವಾರಕ್ಕೆ ಕುಂಡ ಬೋರಲು ಹಾಕಿ ಬೇರು ತೊಳೆದು ಪಕ್ಕಪಕ್ಕ ಇಡಿ.

ಹಬೆಯಲ್ಲಿ ಬೆಂದ ಮಣ್ಣಿನಲ್ಲಿ ಗಿಡ ಚೆನ್ನಾಗಿ ಎದ್ದರೆ ತೊಂದರೆ ಜಂತುಹುಳು ಅಥವಾ ಬೇರುಕೊಳೆ ರೋಗದ್ದು, ಏಕೆಂದರೆ ಬಿಸಿಗೆ ಜೀವಿ ಸಾಯುತ್ತದೆ, ಲೋಹ ಸಾಯುವುದಿಲ್ಲ. ಅಲ್ಲೂ ಬೇರು ಮೊಂಡಾಗಿದ್ದು, ಕಾಂಪೋಸ್ಟ್ ಬೆರೆಸಿದ ಕುಂಡದಲ್ಲಿ ಸುಧಾರಿಸಿದ್ದರೆ ತಾಮ್ರ ಎನ್ನಲು ಗಟ್ಟಿ ಆಧಾರ ಸಿಕ್ಕಿತು. ತೋಟದ ಮಣ್ಣಿಗೂ ಬದುವಿನ ಮಣ್ಣಿಗೂ ವ್ಯತ್ಯಾಸವೇ ಇಲ್ಲದಿದ್ದರೆ ದೋಷವನ್ನು ಸಸಿಯಲ್ಲಿ, ನೀರಿನಲ್ಲಿ, ನೆಟ್ಟ ವಿಧಾನದಲ್ಲಿ ಹುಡುಕಿ.

ತಾಮ್ರವೇ ಎಂದು ಗೊತ್ತಾದ ಮೇಲೆ

ಮಣ್ಣಿನಿಂದ ಅದನ್ನು ತೆಗೆಯಲಾಗದು. ಸಾಸಿವೆ ಬೆಳೆದು ಕಿತ್ತರೆ ಹೋಗುತ್ತದೆ ಎಂಬ ಸಲಹೆ ಕೇಳಿರುತ್ತೀರಿ. ಎಕರೆಗೆ 2 ಟನ್ ಒಣ ಸೊಪ್ಪು ಬಂದು ಅದರಲ್ಲಿ ಕಿಲೋಗೆ 20 ಮಿಲಿಗ್ರಾಂ ತಾಮ್ರ ಇದೆ ಎಂದುಕೊಂಡರೂ ಆಚೆ ಹೋಗುವುದು 40 ಗ್ರಾಂ. ಕೂತಿರುವುದು 95 ಕಿಲೋ. ನಮ್ಮ ಕೈಲಿರುವುದು ಎರಡು: ಇರುವುದನ್ನು ಬೇರಿಗೆ ಸಿಗದಂತೆ ಕಟ್ಟಿಹಾಕುವುದು, ಹೊಸದನ್ನು ಕಡಿಮೆ ಮಾಡುವುದು.

ರಸಸಾರ 6ಕ್ಕಿಂತ ಕೆಳಗಿದ್ದರೆ ಪ್ರಯೋಗಾಲಯ ಹೇಳಿದ ಪ್ರಮಾಣದಲ್ಲಿ ಸುಣ್ಣ ಕೊಟ್ಟು 6.5ರ ಆಸುಪಾಸಿಗೆ ತನ್ನಿ. ಈಗಾಗಲೇ 7 ಇದ್ದರೆ ಸುಣ್ಣ ಮುಟ್ಟಬೇಡಿ, ಕಬ್ಬಿಣದ ಕೊರತೆ ಬಿಗಡಾಯಿಸುತ್ತದೆ. ಬೋರ್ಡೋ ಬಳಸಿದ ತೋಟಗಳಲ್ಲಿ ತಾಮ್ರದ ಜೊತೆ ಸುಣ್ಣವೂ ಬಿದ್ದಿರುವುದರಿಂದ ಎಷ್ಟೋ ಕಡೆ ವಿಷ ಸುಮ್ಮನೆ ಕೂತಿರುತ್ತದೆ. ಆಮೇಲೆ ಆಕ್ಸಿಕ್ಲೋರೈಡಿಗೆ ಬದಲಾಗಿ, ಯೂರಿಯಾ, ಅಮೋನಿಯಂ ಸಲ್ಫೇಟ್ ಹೆಚ್ಚಾಗಿ, ಡ್ರಿಪ್ ಗಸಿ ತೆಗೆಯಲು ಆಮ್ಲ ಹರಿಸಿ ಮಣ್ಣು ಹುಳಿಯಾಗುತ್ತಾ ಬಂದಾಗ ಅದು ಎದ್ದು ಬರುತ್ತದೆ. ಆಮ್ಲ ಹರಿಸಲೇಬೇಕಿದ್ದರೆ ಕೊಳವೆಯ ತುದಿ ಬಿಚ್ಚಿ ತೊಳೆದ ನೀರನ್ನು ಬುಡದಿಂದ ದೂರ ಬಿಡಿ.

ಎಕರೆಗೆ 8ರಿಂದ 10 ಟನ್ ಕೊಟ್ಟಿಗೆ ಗೊಬ್ಬರ, ಸಾಲಿನ ನಡುವೆ ಸೆಣಬು ಅಥವಾ ಡಯಾಂಚ. ಗೊಬ್ಬರ ಕರಗಿದಂತೆ ಅದು ಹಿಡಿದಿದ್ದ ತಾಮ್ರವೂ ಬಿಡುಗಡೆಯಾಗುತ್ತದೆ, ಆದ್ದರಿಂದ ಪ್ರತಿವರ್ಷ ಕೊಡಬೇಕು. ಚಿಗುರಿನ ಹಳದಿಗೆ ಶೇ. 0.5ರ ಫೆರಸ್ ಸಲ್ಫೇಟನ್ನು ಎಲೆಗೆ ಸಿಂಪಡಿಸಿ. ಇಡಿಟಿಎ ಚೆಲೇಟ್ ರೂಪದ ಕಬ್ಬಿಣವನ್ನು ಬುಡಕ್ಕೆ ಸುರಿಯಬೇಡಿ, ಅದರಲ್ಲಿರುವ ಇಡಿಟಿಎ ಕೂತಿದ್ದ ತಾಮ್ರವನ್ನು ಹಿಡಿದು ನೀರಿಗೆ ಬಿಡುತ್ತದೆ.

ಹೊಸ ಸಸಿ ನೆಡುವಾಗ ನಮ್ಮ ರೂಢಿಯೊಂದನ್ನು ಬದಲಿಸಬೇಕು. ಗುಂಡಿ ತೆಗೆದಾಗ ಮೇಲ್ಮಣ್ಣನ್ನು ಒಂದು ಕಡೆ ಗುಡ್ಡೆ ಹಾಕಿ, ಗೊಬ್ಬರ ಬೆರೆಸಿ ಅದನ್ನೇ ಮೊದಲು ತುಂಬುತ್ತೇವೆ. ಹೊಸ ಜಮೀನಿನಲ್ಲಿ ಅದು ಸರಿ. ಹಳೆಯ ಚಪ್ಪರದ ಕೆಳಗೆ ಹಾಗೆ ಮಾಡಿದರೆ ತಾಮ್ರದ ಮಣ್ಣನ್ನೇ ಎಳೆಬೇರಿನ ಬಾಯಿಗೆ ಇಟ್ಟಂತೆ. ಅಂಥ ಕಡೆ ಮೇಲಿನ ಅರ್ಧ ಅಡಿ ಮಣ್ಣನ್ನು ಸಾಲಿನ ನಡುವೆ ಹರಡಿ, ಕೆಳಗಿನ ಮಣ್ಣಿಗೆ ಹೆಚ್ಚು ಕಾಂಪೋಸ್ಟ್ ಬೆರೆಸಿ ಗುಂಡಿ ತುಂಬಿ.

ಸಿಂಪಡಣೆಯಲ್ಲಿ ಅತಿ ಹೆಚ್ಚು ಪೋಲಾಗುವುದು ಸವರಿದ ನಂತರದ ಮೊದಲ ವಾರಗಳಲ್ಲಿ. ಚಿಗುರು ಬೆರಳುದ್ದ ಇರುವಾಗಲೂ ಎಕರೆಗೆ ಅದೇ 400 ಲೀಟರ್ ಹೊಡೆದರೆ ಬಹುಪಾಲು ನೆಲಕ್ಕೆ. ಎಲೆಯ ಹರವಿಗೆ ತಕ್ಕಂತೆ ನೀರು ಇಳಿಸಿ, ಹನಿ ಸಣ್ಣದಾಗುವ ನಾಜಲ್ ಹಾಕಿ. ಚಪ್ಪರ ದಟ್ಟವಾಗದಂತೆ ರೆಂಬೆ ತೆಗೆಯಿರಿ. ಮಳೆ, ಇಬ್ಬನಿ ಇಲ್ಲದ ದಿನಗಳಲ್ಲಿ ಡೌನಿ ಹರಡುವುದಿಲ್ಲ, ಆಗ ತಾಮ್ರ ಬೇಡ. ಮೆಟಲಾಕ್ಸಿಲ್, ಡೈಮೆಥೊಮಾರ್ಫ್, ಫೋಸೆಟೈಲ್ ಅಲ್ಯೂಮಿನಿಯಂ ಮುಂತಾದ ಡೌನಿ ಔಷಧಿಗಳನ್ನು ಲೇಬಲ್ ನೋಡಿ ಸರದಿಯಲ್ಲಿ ಬಳಸಿ, ಒಂದನ್ನೇ ಪದೇಪದೇ ಹೊಡೆದರೆ ರೋಗ ಅದಕ್ಕೆ ಒಗ್ಗಿಕೊಳ್ಳುತ್ತದೆ. ಹಾಗೆ ಒಗ್ಗಿಕೊಳ್ಳಲು ತಾಮ್ರ ಸುಲಭವಾಗಿ ಬಿಡುವುದಿಲ್ಲ, ಆದ್ದರಿಂದಲೇ ಅದನ್ನು ಸಂಪೂರ್ಣ ಬಿಡಿ ಎನ್ನುತ್ತಿಲ್ಲ, ಕಷ್ಟಕಾಲಕ್ಕೆ ಉಳಿಸಿಕೊಳ್ಳಿ.

ದ್ರಾಕ್ಷಿಯಾಚೆ

ಪಾವಗಡ, ಮಧುಗಿರಿ, ಶಿರಾ ಕಡೆಯ ದಾಳಿಂಬೆಯವರು ದುಂಡಾಣು ಅಂಗಮಾರಿಗೆ ತಾಮ್ರ ಹೊಡೆಯುತ್ತಾರೆ, ಮೇಲಿನ ಲೆಕ್ಕ ಅವರಿಗೂ ಹೊಂದುತ್ತದೆ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಈ ದೋಷವನ್ನು ಮೊದಲ ಅನುಮಾನವಾಗಿ ಹಿಡಿಯಬೇಕಿಲ್ಲ, ಅಲ್ಲಿ ತಾಮ್ರದ ಸಿಂಪಡಣೆ ಕಡಿಮೆ, ಮರದ ಬೇರು ಆಳ. ಮ್ಯಾಂಕೊಜೆಬ್ ಎಂಬ ಶಿಲೀಂಧ್ರನಾಶಕ ಹೆಚ್ಚು ಬಳಸುವವರು ಅದರ ಐದನೇ ಒಂದು ಪಾಲು ಮ್ಯಾಂಗನೀಸ್ ಎಂಬುದನ್ನು ನೆನಪಿಡಬೇಕು. ಹುಳಿ ಮಣ್ಣಿನಲ್ಲಿ ಅದೂ ವಿಷವಾಗುತ್ತದೆ, ಆದರೆ ಅದರ ಕಪ್ಪು ಚುಕ್ಕೆಗಳು ಹಳೆಯ ಎಲೆಯಲ್ಲಿ ಕಾಣುತ್ತವೆ. ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಗಳಲ್ಲಿ ಬೆಂಗಳೂರಿನಿಂದ ಬರುವ ಸಂಸ್ಕರಿಸಿದ ಕೊಳಚೆ ನೀರು ತುಂಬಿದ ಕೆರೆಗಳ ಹೂಳನ್ನು ತೋಟಕ್ಕೆ ಹೊಡೆಸಿದ್ದರೆ ತಾಮ್ರದ ಜೊತೆ ಕ್ಯಾಡ್ಮಿಯಂ, ಸೀಸ, ಕ್ರೋಮಿಯಂ, ನಿಕಲ್ ಪರೀಕ್ಷೆಯನ್ನೂ ಕೇಳಿ.

ಎಲ್ಲ ಬದಲಾವಣೆಯ ನಂತರ ಮೂರು ವರ್ಷಕ್ಕೊಮ್ಮೆ ಅದೇ ಸಾಲು, ಅದೇ ಆಳ, ಅದೇ ತಿಂಗಳು, ಅದೇ ಪ್ರಯೋಗಾಲಯ. ಒಟ್ಟು ತಾಮ್ರ ಇಳಿದಿರುವುದಿಲ್ಲ. ನೋಡಬೇಕಾದದ್ದು ಅದು ಏರುವುದು ನಿಂತಿದೆಯೇ, ಡಿಟಿಪಿಎ ಅಂಕಿ ಇಳಿಯುತ್ತಿದೆಯೇ, ಹೊಸ ಸಸಿಯ ಬೇರಿನ ತುದಿ ಬೆಳ್ಳಗಿದೆಯೇ ಎಂಬುದನ್ನು.